ಪೇಸ್‌ಮೇಕರ್ ತಂತಿಗೆ ದಾರಿಯಿಲ್ಲದ ಹೃದಯಗಳು

ಪೇಸ್‌ಮೇಕರ್ ಎಂದರೆ ವಯಸ್ಸಾದವರಿಗೆ ಹಾಕುವುದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಬ್ಯಾಟರಿಯಿಂದ ನಡೆಯುವ, ಮೈಮೇಲೆ ಧರಿಸುವ ಪೇಸ್‌ಮೇಕರ್ ಬಂದದ್ದೇ ಮಕ್ಕಳಿಗಾಗಿ. ಹೃದಯದೊಳಗಿನ ರಂಧ್ರ ಹೊಲಿಯುವಾಗ ಪಕ್ಕದಲ್ಲೇ ಹಾಯುವ ವಿದ್ಯುತ್‌ವಾಹಕ ತಂತುವಿಗೆ ಪೆಟ್ಟಾಗಿ ಬಡಿತ ಕುಸಿಯುತ್ತಿತ್ತು. ಆಗಿನ ಯಂತ್ರಗಳಿಗೆ ಗೋಡೆಯ ಪ್ಲಗ್ಗೇ ಆಧಾರ. 1957ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಕರೆಂಟ್ ಕೈಕೊಟ್ಟ ಮೇಲೆ ಶಸ್ತ್ರವೈದ್ಯ ಲಿಲ್ಲೆಹೈ ಅವರ ಕೋರಿಕೆಯಂತೆ ಎಂಜಿನಿಯರ್ ಅರ್ಲ್ ಬ್ಯಾಕನ್ ಟ್ರಾನ್ಸಿಸ್ಟರ್ ಪೆಟ್ಟಿಗೆ ಮಾಡಿಕೊಟ್ಟರು. 1958ರಲ್ಲಿ ಸ್ವೀಡನ್ನಿನಲ್ಲಿ ಯಂತ್ರ ದೇಹದೊಳಗೆ ಹೋಯಿತು. 1980ರಲ್ಲಿ, ಬಡಿತ ಅಪಾಯಕಾರಿಯಾಗಿ ವೇಗವಾದಾಗ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಯಂತ್ರವೂ ಬಂತು.

ತೊಡಕು ಶುರುವಾದದ್ದು ಆ ಮಕ್ಕಳು ಬದುಕಿ ದೊಡ್ಡವರಾದಾಗ. ಕೊರಳೆಲುಬಿನ ಕೆಳಗಿನ ಸಿರೆಯಿಂದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ: ತಂತಿಗಳೆಲ್ಲ ತಯಾರಾದದ್ದು ಈ ದಾರಿಗೆ. ಇವರಲ್ಲಿ ಹಲವರಿಗೆ ಈ ದಾರಿಯೇ ಇಲ್ಲ.

ಮಹಾಧಮನಿ, ಶ್ವಾಸಕೋಶದ ಧಮನಿಗಳು ಅದಲುಬದಲಾಗಿ ಹುಟ್ಟಿದವರಿಗೆ 1959ರಲ್ಲಿ ಸೆನ್ನಿಂಗ್, 1963ರಲ್ಲಿ ಮಸ್ಟರ್ಡ್ ಹೃತ್ಕರ್ಣಗಳೊಳಗೇ ರಕ್ತದ ಹಾದಿ ತಿರುಗಿಸುವ ಶಸ್ತ್ರಚಿಕಿತ್ಸೆ ಕಂಡುಕೊಂಡರು. ಇವರಲ್ಲಿ ಪೇಸ್‌ಮೇಕರ್ ತಂತಿ ಆ ಕೃತಕ ಹಾದಿಯಲ್ಲೇ ಇಳಿದು ಎಡ ಹೃತ್ಕುಕ್ಷಿ ಸೇರಬೇಕು. ಹಾದಿ ಕಿರಿದಾಗಿದ್ದರೆ ತಂತಿ ಅದನ್ನು ಪೂರ್ತಿ ಮುಚ್ಚೀತು. ಆದ್ದರಿಂದ ಮೊದಲು ಡೈ ಹಾಕಿ ನೋಡಬೇಕು, ಅಗತ್ಯವಿದ್ದರೆ ಸ್ಟೆಂಟ್, ಆಮೇಲಷ್ಟೇ ತಂತಿ. ಆ ಹಾದಿಯ ಗೋಡೆಯಲ್ಲಿ ಸಣ್ಣ ಸೋರಿಕೆಯಿದ್ದರೂ ತಂತಿಯ ಮೇಲೆ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಲ್ಲದು. ಬಬಲ್ ಎಕೋದಲ್ಲಿ (ಸಿರೆಗೆ ಸಣ್ಣ ಗುಳ್ಳೆಗಳಿರುವ ದ್ರವ ಬಿಟ್ಟು ಮಾಡುವ ಹೃದಯದ ಸ್ಕ್ಯಾನ್) ಸೋರಿಕೆ ಕಂಡರೆ ಮುಚ್ಚಿಯೇ ಮುಂದುವರಿಯುವುದು ಕ್ಷೇಮ. ಹೃತ್ಕರ್ಣದ ತಂತಿ ಕೂರುವ ಜಾಗ ವಪೆಯ (ಎದೆಗೂಡಿನ ತಳದಲ್ಲಿರುವ ಉಸಿರಾಟದ ಸ್ನಾಯು) ನರಕ್ಕೆ ಹತ್ತಿರ. 10 ವೋಲ್ಟ್ ಕೊಟ್ಟು ವಪೆ ಅದುರುವುದಿಲ್ಲ ಎಂದು ಖಾತ್ರಿಯಾದ ಮೇಲೇ ಜಾಗ ಅಂತಿಮ. ಈ ಪರೀಕ್ಷೆ ಬಿಟ್ಟರೆ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂಥ ಜಗ್ಗಾಟ.

ಸರಿಯಾಗಿ ಕೆಲಸ ಮಾಡುವ ಹೃತ್ಕುಕ್ಷಿ ಒಂದೇ ಇರುವವರಿಗೆ ಮಾಡುವ ಫಾಂಟಾನ್ ಶಸ್ತ್ರಚಿಕಿತ್ಸೆಯಾದವರ ಪಾಡು ಇನ್ನೂ ಕಠಿಣ. ಸಿರೆಗಳನ್ನು ನೇರ ಶ್ವಾಸಕೋಶಕ್ಕೆ ಜೋಡಿಸಿರುವುದರಿಂದ ಹೃತ್ಕುಕ್ಷಿಗೆ ಸಿರೆಯ ದಾರಿ ಸಿಗುವುದಿಲ್ಲ. ಎದೆ ತೆರೆದು ಹೃದಯದ ಹೊರಮೈಗೆ ತಂತಿ ಹೊಲಿಯಬೇಕು. ಅಲ್ಲಿ ಗಾಯದ ಕಲೆ ದಪ್ಪವಾದಂತೆ ಬೇಕಾಗುವ ವೋಲ್ಟೇಜ್ ಏರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಬಾಗಿ ಬಾಗಿ ತಂತಿ ತುಂಡಾಗುವುದೂ ಉಂಟು. ಬೇರೆ ಕಾರಣಕ್ಕೆ ಎದೆ ತೆರೆದಾಗಲೇ ಮುಂದಾಲೋಚಿಸಿ ತಂತಿ ಹೊಲಿದಿಟ್ಟರೆ ಇನ್ನೊಂದು ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸಬಹುದು.

ಯುರೋಪಿನಲ್ಲಿ 2009ರಲ್ಲಿ, ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಚರ್ಮದಡಿಯ ಐಸಿಡಿ ಹೃದಯವನ್ನು ಮುಟ್ಟದೆ ಶಾಕ್ ಕೊಡುತ್ತದೆ. ಆದರೆ ನಿಧಾನ ಬಡಿತಕ್ಕೆ ಅದು ಆಸರೆಯಾಗದು. ಇಸಿಜಿಯಲ್ಲಿ ಪ್ರತಿ ಬಡಿತದ ಹಿಂದೆಯೇ ಬರುವ ಟಿ ಅಲೆಯನ್ನೂ ಬಡಿತವೆಂದು ಎಣಿಸಿ ವೃಥಾ ಶಾಕ್ ಕೊಡುವ ಅಪಾಯವಿರುವುದರಿಂದ ಮೊದಲೇ ಇಸಿಜಿ ತಪಾಸಣೆ ಬೇಕು. ಎದೆಯೆಲುಬಿನ ಎಡದಲ್ಲಿ ಇಸಿಜಿ ಸಂಕೇತ ಹೊಂದದಿದ್ದರೆ ಬಲದಲ್ಲೂ ನೋಡಬೇಕು.

ಹೊರಮೈ ತಂತಿ, ಬಿಟ್ಟುಹೋದ ಹಳೆಯ ತಂತಿ ಇದ್ದವರಿಗೆ ಎಂಆರ್‌ಐ ಕೂಡ ಸರಾಗವಲ್ಲ. ಯಾವ ಶಸ್ತ್ರಚಿಕಿತ್ಸೆ, ಸಿರೆಗಳು ಎಲ್ಲಿ ಸೇರಿವೆ, ಎಷ್ಟು ತಂತಿ ಒಳಗುಳಿದಿವೆ ಎಂಬುದು ಬಾಲ್ಯದ ಆಪರೇಷನ್ ನೋಟ್‌ನಲ್ಲಿರುತ್ತದೆ. ಅದರ ಪ್ರತಿ ರೋಗಿಯ ಕೈಯಲ್ಲೇ ಇರಬೇಕು.