ಲಿಬ್‌ಯುವಿಗೆ ಐಒ ಯುರಿಂಗ್: ಬಂತು, ಆನ್ ಆಯ್ತು, ಆಫ್ ಆಯ್ತು

ಲಿಬ್‌ಯುವಿ ಅಂದರೆ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಫೈಲ್, ನೆಟ್‌ವರ್ಕ್ ಕೆಲಸಗಳಿಗೆ ಬಳಸುವ ಲೈಬ್ರರಿ. ಐಒ ಯುರಿಂಗ್ ಅಂದರೆ ಅಂಥ ಕೆಲಸಗಳನ್ನು ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಒಪ್ಪಿಸುವ ಹೊಸ ವಿಧಾನ. ಲಿಬ್‌ಯುವಿಯಲ್ಲಿ ಅದು ಇದೆಯಾ, ಇಲ್ವಾ? ಕೋಡ್ ಇದೆ. ಆದರೆ ತಾನಾಗಿ ಓಡಲ್ಲ, ನೀವೇ ಆನ್ ಮಾಡಬೇಕು. ಗೊಂದಲ ಆಗೋದು ಸಹಜ.

ಹಲವು ಕನೆಕ್ಷನ್‌ಗಳಲ್ಲಿ ಯಾವುದಕ್ಕೆ ಡೇಟಾ ಬಂದಿದೆ ಎಂದು ಕರ್ನಲ್‌ನಿಂದ ತಿಳಿಯುವ ಹಳೆಯ ದಾರಿಗಳು ಇವು: 1983ರ ಸೆಲೆಕ್ಟ್, ಆಮೇಲೆ ಪೋಲ್, 2000ದಲ್ಲಿ ಫ್ರೀಬಿಎಸ್‌ಡಿಯ ಕೆಕ್ಯೂ, 2002ರಲ್ಲಿ ಲಿನಕ್ಸ್‌ನ ಇಪೋಲ್. ಇವೆಲ್ಲ ಹೇಳುವುದು ಒಂದೇ: ಈ ಸಾಕೆಟ್ (ಕನೆಕ್ಷನ್‌ನ ತುದಿ) ರೆಡಿ, ಈಗ ಓದು. ಹಾಗಾಗಿ ಒಂದನ್ನು ತೆಗೆದು ಇನ್ನೊಂದು ಹಾಕುವುದು ದೊಡ್ಡ ಕೆಲಸವಾಗಿರಲಿಲ್ಲ.

2019ರಲ್ಲಿ ಲಿನಕ್ಸ್ 5.1ರ ಜೊತೆ ಬಂದ ಐಒ ಯುರಿಂಗ್ ರೀತಿಯೇ ಬೇರೆ. ಕೆಲಸ ಒಪ್ಪಿಸಿ, ಮುಗಿದ ಮೇಲೆ ಹೇಳ್ತೀನಿ ಅನ್ನುತ್ತೆ. ವಿಂಡೋಸ್ 90ರ ದಶಕದಿಂದಲೂ ಹೀಗೇ. ಕೇಳೋಕೆ ಸಣ್ಣ ವ್ಯತ್ಯಾಸ, ಆದರೆ ಇಂಥ ಸೂಚನೆಗಳಿಗೆ ಕಾಯುತ್ತಾ ಸುತ್ತುವ ಲೂಪ್ ಬರೆಯುವವರಿಗೆ ನಿಜವಾದ ತಲೆನೋವು ಶುರುವಾಗೋದೇ ಇಲ್ಲಿ. ಇಪೋಲ್‌ನಲ್ಲಿ ಡೇಟಾ ಬಂದ ಮೇಲೆ ಅದನ್ನು ಹಾಕಲು ಬಫರ್ (ಮೆಮೊರಿಯಲ್ಲಿ ಜಾಗ) ಕೊಟ್ಟರೆ ಸಾಕು. ಇಲ್ಲಿ ಮೊದಲೇ ಕೊಟ್ಟು ಕಾಯಬೇಕು. ಲಿಬ್‌ಯುವಿ ಓದೋಕೆ ಸೂಚಿಸುವ ಬಫರ್ 64 ಕೆಬಿ. ಸುಮ್ನೆ ಕೂತಿರುವ 10,000 ಕನೆಕ್ಷನ್‌ಗಳಿಗೆ ಹಾಗೆ ಕೊಟ್ಟರೆ 600 ಎಂಬಿಗೂ ಜಾಸ್ತಿ ಮೆಮೊರಿ ಹೋಯ್ತು. ಕನೆಕ್ಷನ್ ಮುಚ್ಚಿದರೂ ಬಫರ್ ಕೂಡಲೇ ಬಿಡೋ ಹಾಗಿಲ್ಲ, ಕರ್ನಲ್ ಇನ್ನೂ ಅದರಲ್ಲಿ ಬರೆಯುತ್ತಿರಬಹುದು. ಹಲವು ಕನೆಕ್ಷನ್‌ಗಳು ಬಫರ್ ಹಂಚಿಕೊಳ್ಳುವ ದಾರಿಗಳು ಕರ್ನಲ್‌ಗೆ ಆಮೇಲೆ ಬಂದವು, ಆದರೆ ಹಳೆಯ ಕರ್ನಲ್‌ಗಳನ್ನೂ ಲೈಬ್ರರಿ ಸಾಕಬೇಕಲ್ವಾ?

ಹಾಗಾಗಿ 2023ರ ಮೇ ತಿಂಗಳಲ್ಲಿ ಬಂದ ಲಿಬ್‌ಯುವಿ 1.45 ಸುಲಭದ ದಾರಿ ಹಿಡಿಯಿತು. ಥ್ರೆಡ್ ಪೂಲ್‌ನಲ್ಲಿ (ಪಕ್ಕದಲ್ಲಿ ಕೆಲಸ ಮಾಡುವ ಥ್ರೆಡ್‌ಗಳ ಗುಂಪಿನಲ್ಲಿ) ನಡೆಯುತ್ತಿದ್ದ ಕೆಲವು ಫೈಲ್ ಕೆಲಸಗಳು ಐಒ ಯುರಿಂಗ್‌ಗೆ ಹೋದವು, ಸಾಕೆಟ್‌ಗಳು ಇಪೋಲ್‌ನಲ್ಲೇ ಉಳಿದವು. ತಮಾಷೆ ಅಂದರೆ ಐಒ ಯುರಿಂಗ್‌ನ ರಿಂಗ್ (ಒಪ್ಪಿಸಿದ, ಮುಗಿದ ಕೆಲಸಗಳ ಸರದಿ) ಮೇಲೆ ಕಣ್ಣಿಟ್ಟು ಕಾಯೋದೂ ಇಪೋಲೇ. ಎಂಟು ಪಟ್ಟು ವೇಗ ಎಂಬ ಮಾತೂ ಬಂತು. ಡೀಫಾಲ್ಟ್ ಆಗಿಯೇ ಆನ್ ಮಾಡಿದ್ದು ನನ್ನ ಪ್ರಕಾರ ಸ್ವಲ್ಪ ಅವಸರ.

ಮುಂದಿನ ತಿಂಗಳೇ ಗೂಗಲ್ ಒಂದು ಲೆಕ್ಕ ಕೊಟ್ಟಿತು. ಕರ್ನಲ್‌ನ ಭದ್ರತಾ ದೋಷ ತೋರಿಸಿದವರಿಗೆ ಬಹುಮಾನ ಕೊಡುವ ತನ್ನ ಯೋಜನೆಗೆ ಬಂದ ದಾಳಿಗಳಲ್ಲಿ ಶೇ 60ರಷ್ಟು ಐಒ ಯುರಿಂಗ್ ಮೂಲಕವೇ ಬಂದಿದ್ದವು. 2024ರ ಫೆಬ್ರವರಿಯಲ್ಲಿ ನೋಡ್‌ನಲ್ಲಿ ಇನ್ನೊಂದು ತೊಂದರೆ ಹೊರಬಂತು: ಪ್ರೋಗ್ರಾಂ ಶುರುವಾದ ಮೇಲೆ ರೂಟ್ ಅಧಿಕಾರ (ಎಲ್ಲವನ್ನೂ ಮಾಡಬಲ್ಲ ಹಕ್ಕು) ಬಿಟ್ಟುಕೊಟ್ಟರೂ, ಅದಕ್ಕೂ ಮುಂಚೆ ತೆರೆದ ರಿಂಗ್ ಹಳೆಯ ಅಧಿಕಾರದಲ್ಲೇ ಕೆಲಸ ಮಾಡುತ್ತಿತ್ತು. ಕರ್ನಲ್ ತನ್ನ ನಿಯಮ ಮೀರಿರಲಿಲ್ಲ, ಲೈಬ್ರರಿಯೂ ಮೀರಿರಲಿಲ್ಲ. ಎರಡೂ ಸೇರಿದ ಜಾಗದಲ್ಲಿ ತೂತು ಬಿದ್ದಿತ್ತು. ನೋಡ್ ಐಒ ಯುರಿಂಗನ್ನು ಆಫ್ ಮಾಡಿತು, ಲಿಬ್‌ಯುವಿಯೂ ಆಮೇಲೆ ಅದೇ ಹಾದಿ ಹಿಡಿಯಿತು.

ಈಗ ಆನ್ ಮಾಡಿಕೊಳ್ಳುವವರು ಒಂದು ನೋಡಿಕೊಳ್ಳಿ. ಪ್ರೋಗ್ರಾಂಗಳನ್ನು ಬೇರ್ಪಡಿಸಿ ಓಡಿಸುವ ಡಾಕರ್‌ನ ಈಚಿನ ಡೀಫಾಲ್ಟ್ ಭದ್ರತಾ ಪ್ರೊಫೈಲ್ ಐಒ ಯುರಿಂಗ್‌ನ ಸಿಸ್ಟಂ ಕಾಲ್‌ಗಳನ್ನೇ (ಕರ್ನಲ್‌ಗೆ ಕೊಡುವ ಕರೆಗಳನ್ನೇ) ತಡೆಯುತ್ತೆ. ಆಗ ಲೈಬ್ರರಿ ಸದ್ದಿಲ್ಲದೆ ಥ್ರೆಡ್ ಪೂಲ್‌ಗೆ ವಾಪಸ್ ಹೋಗುತ್ತೆ, ನೀವು ಅಳೆಯುವ ವೇಗವೂ ಅದರದ್ದೇ.