‘ಬೆನ್-ಹರ್’ ರಥದ ಓಟದಲ್ಲಿ ನಿಜಕ್ಕೂ ಒಬ್ಬ ಸತ್ತನೇ?

ಪ್ರಶ್ನೆ: ‘ಬೆನ್-ಹರ್’ ಚಿತ್ರದ ರಥದ ಓಟ ತೆಗೆಯುವಾಗ ಸ್ಟಂಟ್ ಮಾಡುತ್ತಿದ್ದವನೊಬ್ಬ ಸತ್ತೇಹೋದನಂತೆ, ಆ ಶಾಟನ್ನು ಹಾಗೇ ಸಿನಿಮಾದಲ್ಲಿ ಇಟ್ಟುಕೊಂಡರಂತೆ. ಹೌದೇ?

ಉತ್ತರ: ಇಲ್ಲ. 1959ರ ಈ ಹಾಲಿವುಡ್ ಚಿತ್ರದ ಓಟದಲ್ಲಿ ಯಾರೂ ಸಾಯಲಿಲ್ಲ. ಆದರೂ ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅದರೊಳಗೆ ಎರಡು ನಿಜಗಳು ಕಲಸಿಹೋಗಿವೆ.

ಮೊದಲನೆಯದು ನಿಮ್ಮ ಕಣ್ಣಿಗೇ ಬೀಳುತ್ತದೆ. ಮುರಿದು ಬಿದ್ದ ರಥಗಳು ದಾರಿಗೆ ಅಡ್ಡವಾಗಿವೆ, ಕಥಾನಾಯಕ ಜೂಡಾ ಬೆನ್-ಹರ್‌ನ ನಾಲ್ಕು ಬಿಳಿ ಕುದುರೆಗಳು ಅದರ ಮೇಲಿಂದಲೇ ಹಾರುತ್ತವೆ. ಹಿಂದೆ ರಥವೂ ಎಗರುತ್ತದೆ. ಆ ರಭಸಕ್ಕೆ ಸಾರಥಿಯ ಕಾಲು ಮೇಲಾಗಿ, ತಲೆ ಕೆಳಗಾಗಿ, ರಥದ ಮುಂದಿನ ಕಟಕಟೆ ದಾಟಿ ಕುದುರೆಗಳ ಕಡೆಗೆ ಉರುಳುತ್ತಾನೆ. ಅದು ಯೋಜಿಸಿದ ಸ್ಟಂಟ್ ಅಲ್ಲ, ಅಪಘಾತ. ರಥದಲ್ಲಿದ್ದವನು ನಾಯಕ ಚಾರ್ಲ್ಟನ್ ಹೆಸ್ಟನ್ ಅಲ್ಲ, ಅವನ ಡ್ಯೂಪ್ ಜೋ ಕನಟ್. ಇಡೀ ಓಟದ ಸಾಹಸವನ್ನು ಕಟ್ಟಿದ ಯಾಕಿಮಾ ಕನಟ್‌ನ ಸ್ವಂತ ಮಗ. ಅಪ್ಪನ ಕಣ್ಣೆದುರೇ ಆದದ್ದು! ಜೋಗೆ ಗದ್ದ ಸೀಳಿ ಕೆಲವು ಹೊಲಿಗೆ ಬಿದ್ದವು, ಅಷ್ಟೇ. ಕಥೆಯಲ್ಲಿ ಜೂಡಾ ಗೆಲ್ಲಲೇಬೇಕಲ್ಲ? ಹಾಗಾಗಿ ಹೆಸ್ಟನ್ ಮುಂಭಾಗದಿಂದ ಹತ್ತಿ ರಥದೊಳಕ್ಕೆ ಬರುವ ಹತ್ತಿರದ ಶಾಟ್ ತೆಗೆದು ಇದಕ್ಕೆ ಅಂಟಿಸಿದರು. ಮುಂದಿನ ಸಲ ನೋಡುವಾಗ ಆ ಜೋಡಣೆಯನ್ನು ಗಮನಿಸಿ. ನನಗಂತೂ ಇಡೀ ಓಟದಲ್ಲಿ ಅತ್ಯಂತ ಜಾಣ ಕೆಲಸ ಅದೇ ಅನ್ನಿಸುತ್ತದೆ.

ಕುದುರೆಗಳ ಕಾಲಡಿ ಸಿಕ್ಕಿ ನಜ್ಜುಗುಜ್ಜಾಗುವವರು? ಅವು ಕೈಕಾಲು ಮಡಚುವಂತೆ ಮಾಡಿದ ಗೊಂಬೆಗಳು. ಅಷ್ಟು ನಿಜವಾಗಿ ಕಾಣುವುದರಿಂದಲೇ ನೋಡಿದವರು ‘ಯಾರೋ ಸತ್ತಿರಬೇಕು’ ಎಂದುಕೊಂಡದ್ದು.

ಎರಡನೆಯ ನಿಜ ಹಳೆಯದು, ಕಹಿಯಾದದ್ದು. ಇದೇ ಕಥೆಯನ್ನು 1925ರಲ್ಲಿ ಮೂಕಿ ಚಿತ್ರವಾಗಿ ತೆಗೆದಿದ್ದರು. ರೋಮ್‌ನಲ್ಲಿ ಅದರ ಓಟ ಚಿತ್ರಿಸುವಾಗ ಚಕ್ರ ಮುರಿದು ಸ್ಟಂಟ್ ಸಾರಥಿಯೊಬ್ಬ ನಿಜಕ್ಕೂ ಸತ್ತ. ಕುದುರೆಗಳು ಹಲವು ಸತ್ತವು. ಆಮೇಲೆ ಓಟವನ್ನು ಅಮೆರಿಕದಲ್ಲಿ ಹೊಸದಾಗಿ ತೆಗೆದರು. ಆಗ ಜನಜಂಗುಳಿಯ ನಡುವೆ ಓಡಾಡುತ್ತಿದ್ದ ಸಹಾಯಕರಲ್ಲಿ ಒಬ್ಬ ಯುವಕ ವಿಲಿಯಂ ವೈಲರ್. 1959ರ ಚಿತ್ರದ ನಿರ್ದೇಶಕ ಅವನೇ. ಎರಡು ಚಿತ್ರಕ್ಕೂ ಒಂದೇ ಹೆಸರು, ಒಂದೇ ಓಟ, ಎರಡರ ಹಿಂದೆಯೂ ಎಂ.ಜಿ.ಎಂ. ಎಂಬ ಒಂದೇ ಚಿತ್ರನಿರ್ಮಾಣ ಸಂಸ್ಥೆ. ಮೊದಲನೆಯದರ ಸಾವು ಎರಡನೆಯದರ ತಲೆಗೆ ಬಂದದ್ದರಲ್ಲಿ ಆಶ್ಚರ್ಯವೇನು?

ಹಾಗೆಂದು ಎರಡನೆಯ ಸಲ ಎಲ್ಲ ಸಲೀಸಾಗಿತ್ತು ಎಂದೇನಲ್ಲ. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಸುಮಾರು 18 ಎಕರೆಯ ಅಖಾಡ ಕಟ್ಟಿ, ಕುದುರೆಗಳನ್ನೂ ಸಾರಥಿಗಳನ್ನೂ ತಿಂಗಳುಗಟ್ಟಲೆ ಪಳಗಿಸಿದರು. ಹೆಸ್ಟನ್ ಕೂಡ ರಥ ಓಡಿಸಲು ಕಲಿತ. ಪುರಾತನ ರೋಮ್‌ನ ಸಾರಥಿಗಳು ಲಗಾಮನ್ನು ಸೊಂಟಕ್ಕೇ ಸುತ್ತಿಕೊಂಡು, ಬಿದ್ದರೆ ಕತ್ತರಿಸಲೆಂದು ಚಾಕು ಇಟ್ಟುಕೊಳ್ಳುತ್ತಿದ್ದರು. ಸಿನಿಮಾದವರು ಪುಣ್ಯಕ್ಕೆ ಕೈಯಲ್ಲೇ ಹಿಡಿದರು.

ಇನ್ನು, 1959ರ ಚಿತ್ರದ ಚಿತ್ರೀಕರಣದ ಅವಧಿಯಲ್ಲಿ ಒಂದು ಸಾವು ಆದದ್ದು ನಿಜ. ಆದರೆ ಅಖಾಡದಲ್ಲಲ್ಲ. ನಿರ್ಮಾಪಕ ಸ್ಯಾಮ್ ಜಿಂಬಲಿಸ್ಟ್ 1958ರ ನವೆಂಬರ್‌ನಲ್ಲಿ ರೋಮ್‌ನಲ್ಲೇ ಹೃದಯಾಘಾತದಿಂದ ತೀರಿಕೊಂಡ. ಚಿತ್ರಕ್ಕೆ ಬಂದ 11 ಆಸ್ಕರ್‌ಗಳಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿ ಅವನ ಹೆಸರಿನಲ್ಲೇ ಇದೆ. ಪಡೆಯಲು ಅವನಿರಲಿಲ್ಲ.