ಸ್ಯಾಂ ಮಾಲೊದ ಪ್ರಸಿದ್ಧರೆಲ್ಲ ಕಡಲ್ಗಳ್ಳರೇ?

ಪ್ರಶ್ನೆ: ಫ್ರಾನ್ಸಿನ ಸ್ಯಾಂ ಮಾಲೊ ಎಂಬ ಹಳೆಯ ಬಂದರು ಪಟ್ಟಣದ ಹೆಸರಾಂತ ವ್ಯಕ್ತಿಗಳನ್ನು ಹಲವೆಡೆ ಕಡಲ್ಗಳ್ಳರೆಂದೇ ಬರೆದಿರುತ್ತಾರೆ. ಇದು ನಿಜವೇ? ಬೇರೆ ಬಗೆಯ ದೊಡ್ಡವರು ಅಲ್ಲಿ ಹುಟ್ಟಲಿಲ್ಲವೇ?

ಉತ್ತರ: ಹುಟ್ಟಿದ್ದಾರೆ. ಆದರೆ ಮೊದಲು ಕಡಲ್ಗಳ್ಳರೆಂಬ ಆರೋಪವನ್ನು ನೋಡೋಣ. ಬ್ರಿಟನಿ ಪ್ರಾಂತ್ಯದ ಈ ಕೋಟೆ ಪಟ್ಟಣದ ನಾವಿಕರು ಯುದ್ಧಕಾಲದಲ್ಲಿ ರಾಜನ ಅನುಮತಿ ಪತ್ರ ಪಡೆದು ಶತ್ರು ದೇಶದ ವ್ಯಾಪಾರಿ ಹಡಗುಗಳನ್ನು ಹಿಡಿಯುತ್ತಿದ್ದರು. ಇವರಿಗೆ ಕೋರ್ಸೇರ್ ಎಂದು ಹೆಸರು. ಹಿಡಿದ ಹಡಗನ್ನು ನ್ಯಾಯಾಲಯದ ಮುಂದಿಡಬೇಕಿತ್ತು, ಅಲ್ಲಿ ತೀರ್ಮಾನವಾದ ಮೇಲಷ್ಟೇ ಹಣ ಹೂಡಿದವರಿಗೂ ಸಿಬ್ಬಂದಿಗೂ ಪಾಲು ಸಿಗುತ್ತಿತ್ತು. ಸಿಕ್ಕಿಬಿದ್ದ ಕಡಲ್ಗಳ್ಳನಿಗೆ ಕಾದಿದ್ದದ್ದು ನೇಣು, ಕೋರ್ಸೇರನಾದರೆ ಯುದ್ಧಕೈದಿ. 1673ರಲ್ಲಿ ಇಲ್ಲಿ ಹುಟ್ಟಿದ ದ್ಯುಗೇ ತ್ರುವಾಂ 1694ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕಾಗ ಅವನನ್ನು ಪ್ಲಿಮತ್‌ನಲ್ಲಿ ಸೆರೆಯಿಟ್ಟರು. ಅವನು ತಪ್ಪಿಸಿಕೊಂಡು, ಮುಂದೆ 1711ರಲ್ಲಿ ರಿಯೊ ಡಿ ಜನೈರೊ ನಗರವನ್ನೇ ವಶಪಡಿಸಿಕೊಂಡ. ಲೂಟಿಗೊಳಗಾದವರಿಗೆ ಈ ಕಾನೂನಿನ ವ್ಯತ್ಯಾಸ ಎಷ್ಟು ಸಮಾಧಾನ ತಂದೀತು ಎಂಬುದು ಬೇರೆ ಮಾತು.

ಭಾರತದ ಚರಿತ್ರೆಗೆ ತೀರ ಹತ್ತಿರದವನು 1699ರಲ್ಲಿ ಜನಿಸಿದ ಮಾಹೆ ದ ಲಾ ಬುರ್ದೊನೆ. 1735ರಿಂದ, ಆಗ ಫ್ರೆಂಚರ ಕೈಯಲ್ಲಿದ್ದ ಇಂದಿನ ಮಾರಿಷಸ್‌ನ ಗವರ್ನರನಾಗಿ ಪೋರ್ಟ್ ಲೂಯಿ ಬಂದರನ್ನು ಬೆಳೆಸಿದ ಇವನು 1746ರಲ್ಲಿ ಮದ್ರಾಸನ್ನು ಗೆದ್ದ. ಹನ್ನೊಂದು ಲಕ್ಷ ಪಗೋಡ ಎಂಬ ಚಿನ್ನದ ನಾಣ್ಯಗಳನ್ನು ಪಡೆದು ಊರನ್ನು ಇಂಗ್ಲಿಷರಿಗೆ ಹಿಂದಿರುಗಿಸಲು ಒಪ್ಪಿದ್ದು ಪಾಂಡಿಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಗೆ ಹಿಡಿಸಲಿಲ್ಲ. ಆ ಜಗಳದ ಫಲವಾಗಿ ಗೆದ್ದವನೇ ಪ್ಯಾರಿಸಿನ ಬ್ಯಾಸ್ಟೀಲ್ ಸೆರೆಮನೆ ಸೇರಿ, 1751ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿ, ಎರಡು ವರ್ಷಗಳಲ್ಲೇ ತೀರಿಕೊಂಡ. ಇವನು ಕಟ್ಟಿದ ಪೋರ್ಟ್ ಲೂಯಿಗೇ 1798ರಲ್ಲಿ ಟಿಪ್ಪು ಸುಲ್ತಾನನ ದೂತರು ಸೈನ್ಯದ ನೆರವು ಕೇಳಲು ಹೋದದ್ದು. ಅವರೊಂದಿಗೆ ಮಂಗಳೂರಿಗೆ ಬಂದವರು ಸುಮಾರು ನೂರು ಮಂದಿ ಮಾತ್ರ, ಆದರೆ ಟಿಪ್ಪುವಿನ ಮೇಲೆ ಯುದ್ಧ ಹೂಡಲು ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟು ನೆಪ ಸಾಕಾಯಿತು. ಎರಡು ವರ್ಷಗಳ ತರುವಾಯ, 1800ರ ಅಕ್ಟೋಬರಿನಲ್ಲಿ, ಇದೇ ಸ್ಯಾಂ ಮಾಲೊದ ರೊಬೇರ್ ಸ್ಯುರ್ಕೂಫ್ ಬಂಗಾಳ ಕೊಲ್ಲಿಯಲ್ಲಿ ತನ್ನ ಚಿಕ್ಕ ಹಡಗಿನಿಂದ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಹಡಗಾದ 'ಕೆಂಟ್' ಅನ್ನು ಹಿಡಿದ.

ಕೋರ್ಸೇರರಲ್ಲದವರಲ್ಲಿ ಹಿರಿಯನೆಂದರೆ 1534ರಲ್ಲಿ ಕೆನಡಾದ ತೀರ ಮುಟ್ಟಿದ ನಾವಿಕ ಜಾಕ್ ಕಾರ್ತಿಯೆ. ನನಗೆ ಹೆಚ್ಚು ಕುತೂಹಲಕರನಾಗಿ ಕಾಣುವವನು ಮಾತ್ರ ಗಣಿತಜ್ಞ ಮೋಪರ್ಟ್ವಿ. 1736–37ರಲ್ಲಿ ಲ್ಯಾಪ್‌ಲ್ಯಾಂಡಿಗೆ ಹೋದ ಇವನ ತಂಡ ಅಲ್ಲಿ ಅಕ್ಷಾಂಶದ ಒಂದು ಡಿಗ್ರಿಯ ಉದ್ದವನ್ನು ನೆಲದ ಮೇಲೆ ಅಳೆದಾಗ ಅದು ಫ್ರಾನ್ಸಿನಲ್ಲಿರುವುದಕ್ಕಿಂತ ಹೆಚ್ಚೆಂದು ತಿಳಿಯಿತು. ಭೂಮಿ ಧ್ರುವಗಳ ಬಳಿ ಚಪ್ಪಟೆಯಾಗಿದೆ ಎಂಬ ನ್ಯೂಟನ್ನನ ಮಾತಿಗೆ ಇದರಿಂದ ಬಲ ಬಂತು. ಮನುಷ್ಯನನ್ನು ಯಂತ್ರವೆಂದು ವಾದಿಸಿದ ವೈದ್ಯ ಲಾ ಮೆತ್ರಿ, ವ್ಯಾಪಾರದ ಮೇಲಿನ ಕಟ್ಟುಪಾಡುಗಳನ್ನು ವಿರೋಧಿಸಿದ ಅರ್ಥಚಿಂತಕ ಗುರ್ನೇ, 1768ರಲ್ಲಿ ಹುಟ್ಟಿದ ಸಾಹಿತಿ ಶಾತೊಬ್ರಿಯಾಂ ಕೂಡ ಇದೇ ಊರಿನವರು.

ಆದರೂ ಈ ಎರಡು ಗುಂಪುಗಳ ನಡುವೆ ಗೋಡೆ ಕಟ್ಟುವುದು ಕಷ್ಟ. ಮೋಪರ್ಟ್ವಿಯ ತಂದೆ ಸ್ವತಃ ಕೋರ್ಸೇರ್. ಗುರ್ನೇ ವರ್ತಕರ ಮನೆಯ ಮಗ. ಶಾತೊಬ್ರಿಯಾಂನ ತಂದೆ ಗುಲಾಮರ ವ್ಯಾಪಾರವೂ ಸೇರಿದಂತೆ ಹಡಗು ವ್ಯವಹಾರದಲ್ಲಿ ಗಳಿಸಿದ ಹಣದಿಂದ 1761ರಲ್ಲಿ ಕೊಂಬೂರ್ ಕೋಟೆಮನೆಯನ್ನು ಕೊಂಡವನು. ಲಾ ಬುರ್ದೊನೆಯ ಬಂದರಿನ ಕಾಮಗಾರಿಯಲ್ಲಿ ದುಡಿದವರಲ್ಲಿ ಗುಲಾಮರಿದ್ದರು, ಸ್ಯುರ್ಕೂಫ್ ಹಿಂದೂ ಮಹಾಸಾಗರದಲ್ಲಿ ಗುಲಾಮರನ್ನು ಸಾಗಿಸಿದವನು. ಈ ಊರಿನವರ ಮೇಲೆ ಹೊರಿಸಬೇಕಾದ ಆರೋಪ ಕಡಲ್ಗಳ್ಳತನದ್ದಲ್ಲ, ಇದು.